ಅರೆಬರೆ ಶಾರ್ಟೇ ಹೆಚ್ಚು ಸುಡುವುದು: ಮಾದರಿ ರೈಲಿನ ಎಲೆಕ್ಟ್ರಾನಿಕ್ಸ್ ಕಾಪಾಡಿಕೊಳ್ಳುವ ಬಗೆ

ಬೆಳಗಾವಿಯಲ್ಲಿ ಮಾದರಿ ರೈಲು ಹವ್ಯಾಸಿಗಳು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ.

ಎಲ್ಲರಿಗೂ ನಮಸ್ಕಾರ್ರಿ. ಈ ಮೇಜಿನ ಮೇಲೆ ಮೂರು ಸಾಮಾನು ಇಟ್ಟಿದೆ. 25 ವ್ಯಾಟಿನ ಒಂದು ಸೋಲ್ಡರಿಂಗ್ ಐರನ್, ಒಂದು ರೂಪಾಯಿ ನಾಣ್ಯ, ಕಾರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವ್ಯಾಟಿನ ಬಲ್ಬ್. ಇವತ್ತಿನ ಮಾತೆಲ್ಲ ಹೆಚ್ಚುಕಡಿಮೆ ಇವುಗಳ ಸುತ್ತಲೇ.

ಮೊದಲು ಐರನ್. ಇದರ ತುದಿ ಪ್ಲಾಸ್ಟಿಕ್‌ಗೆ ತಾಗಿದರೆ ತೂತು ಬೀಳಲು ಎಷ್ಟು ಹೊತ್ತು ಬೇಕು ಅನ್ನುವುದು ನಿಮಗೆಲ್ಲ ಗೊತ್ತು. ಈಗ ನಮ್ಮ ಹಳಿಗೆ ಬನ್ನಿ. ಎಚ್‌ಓ ಅಳತೆಯ (1:87) ಡಿಸಿಸಿ (ಹಳಿಯ ಮೂಲಕವೇ ಎಂಜಿನ್ನಿಗೆ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ಲೇಔಟಿನಲ್ಲಿ, ಅಂದರೆ ಮಾದರಿ ಹಳಿಗಳ ಜೋಡಣೆಯಲ್ಲಿ, ಹಳಿಯ ಮೇಲೆ ಸುಮಾರು 15 ವೋಲ್ಟ್ ಇರುತ್ತದೆ. ಹಳಿಗೆ ವಿದ್ಯುತ್ ಕೊಡುವ ಬೂಸ್ಟರ್ ಸಾಮಾನ್ಯವಾಗಿ 5 ಆಂಪಿಯರಿನದು. ಗುಣಿಸಿದರೆ 75 ವ್ಯಾಟ್, ಅಂದರೆ ಇಂಥ ಮೂರು ಐರನ್‌ಗಳ ಕಾವು. ಒಂದು ಗಾಲಿ ಹಳಿ ತಪ್ಪಿ ಅಡ್ಡ ಬಿದ್ದು ಎರಡೂ ಹಳಿಯನ್ನು ಕೂಡಿಸಿದಾಗ, ಅಂದರೆ ಶಾರ್ಟ್ ಆದಾಗ, ಆ ಕಾವು ಇಳಿಯುವುದು ಸಾಸಿವೆ ಕಾಳಿನಷ್ಟು ಜಾಗದಲ್ಲಿ.

ಹಳೆಯ ಡಿಸಿ ಪದ್ಧತಿಯಲ್ಲಿ ಈ ಚಿಂತೆ ಕಡಿಮೆ ಇತ್ತು. 12 ವೋಲ್ಟ್, 1 ಆಂಪಿಯರಿನ ಕಂಟ್ರೋಲರ್, ನಾಬ್ ಅರ್ಧಕ್ಕೆ ತಿರುಗಿಸಿದ್ದರೆ ಅದೂ ಪೂರ್ತಿ ಇಲ್ಲ. ಶಾರ್ಟ್ ಆದರೆ ಎಂಜಿನ್ ನಿಲ್ಲುತ್ತಿತ್ತು, ಕಂಟ್ರೋಲರಿನ ಕೆಂಪು ದೀಪ ಹತ್ತುತ್ತಿತ್ತು. ಡಿಸಿಸಿಯಲ್ಲಿ ಎಂಜಿನ್ ನಿಂತಿದ್ದರೂ ಓಡುತ್ತಿದ್ದರೂ ಹಳಿಯ ಮೇಲೆ ಪೂರ್ತಿ ವೋಲ್ಟೇಜ್ ಸದಾ ಇರುತ್ತದೆ. ಧ್ರುವಗಳು ಸೆಕೆಂಡಿಗೆ ಸಾವಿರಾರು ಸಲ ಅದಲುಬದಲಾಗುತ್ತವೆ. ಅರ್ಧ ಅಲೆ 58 ಮೈಕ್ರೋಸೆಕೆಂಡ್ ಇದ್ದರೆ 'ಒಂದು', 100 ಮೈಕ್ರೋಸೆಕೆಂಡ್ ಇಲ್ಲವೇ ಅದಕ್ಕಿಂತ ಉದ್ದವಿದ್ದರೆ 'ಸೊನ್ನೆ'. ಎಂಜಿನ್ನಿನೊಳಗಿನ ಡಿಕೋಡರ್ ಇದನ್ನು ಓದಿ ಮೋಟರಿಗೆ ಬೇಕಾದಷ್ಟು ಕೊಡುತ್ತದೆ. ನೀವು ಕಾಪಾಡಬೇಕಾದದ್ದು ಈ ಡಿಕೋಡರನ್ನು, ಬೂಸ್ಟರನ್ನು, ಅವುಗಳ ಜೊತೆಗೆ ಗಾಲಿ, ಟ್ರಕ್ (ಗಾಲಿಗಳನ್ನು ಹಿಡಿಯುವ ಚೌಕಟ್ಟು), ಹಳಿಗಳನ್ನು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಶಾರ್ಟ್ ಎಷ್ಟು ಗಟ್ಟಿಯೋ ಅಷ್ಟು ಅಪಾಯ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಿಜ ಅದರ ತಿರುಗುಮುರುಗು. ಗಟ್ಟಿ ಶಾರ್ಟ್ ಆದರೆ ಕರೆಂಟ್ ಒಮ್ಮೆಲೇ ಮಿತಿ ದಾಟುತ್ತದೆ, ಬೂಸ್ಟರ್ ಕಣ್ಣು ಮಿಟುಕಿಸುವುದರೊಳಗೆ ಟ್ರಿಪ್ ಆಗುತ್ತದೆ, ಯಾವುದೂ ಬಿಸಿಯಾಗಲು ಪುರಸೊತ್ತೇ ಸಿಗುವುದಿಲ್ಲ. ಸುಡುವುದು ಅರೆಬರೆ ಶಾರ್ಟ್. ಲೆಕ್ಕ ಹಾಕಿ ನೋಡೋಣ.

ಬೂಸ್ಟರಿನಿಂದ ಹತ್ತು ಮೀಟರ್ ದೂರಕ್ಕೆ 0.5 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದೀರಿ ಅಂದುಕೊಳ್ಳಿ. ಹೋಗಿ ಬರುವ ದಾರಿ ಸೇರಿ ಇಪ್ಪತ್ತು ಮೀಟರ್. ಈ ವೈರಿನ ಪ್ರತಿರೋಧ ಮೀಟರಿಗೆ ಸುಮಾರು 39 ಮಿಲಿಓಮ್, ಒಟ್ಟು 0.78 ಓಮ್. ಅಲ್ಲಿಂದ ಮುಂದೆ ಹಳಿ. ಹಳಿ ನಿಕಲ್ ಸಿಲ್ವರ್ ಅನ್ನುವ ಮಿಶ್ರಲೋಹದ್ದು, ತಾಮ್ರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಪ್ರತಿರೋಧ. ನಡುವೆ ಹಳಿ ತುಂಡುಗಳನ್ನು ಕೂಡಿಸುವ, ಸಡಿಲಾದ ನಾಲ್ಕಾರು ಜಾಯಿನರ್. ಹಳಿ, ಜಾಯಿನರ್ ಸೇರಿ ಇನ್ನೊಂದು ಒಂದೂಮುಕ್ಕಾಲು ಓಮ್ ಆಯಿತು ಅನ್ನಿ. ಗಾಲಿ ತಾಗಿದ ಜಾಗದಲ್ಲಿ ಮಸಿ, ಧೂಳು ಕೂತು ಒಂದು ಓಮ್. ಎಲ್ಲ ಕೂಡಿಸಿದರೆ ಮೂರೂವರೆ ಓಮ್. 15 ವೋಲ್ಟನ್ನು ಮೂರೂವರೆಯಿಂದ ಭಾಗಿಸಿದರೆ 4.3 ಆಂಪಿಯರ್. ಬೂಸ್ಟರಿನ ಮಿತಿ 5. ಅದರ ಲೆಕ್ಕದಲ್ಲಿ ನಾಲ್ಕಾರು ಎಂಜಿನ್‌ಗಳು ಓಡುತ್ತಿವೆ ಅಷ್ಟೇ, ಏನೂ ತಪ್ಪಿಲ್ಲ. ಆದರೆ ಗಾಲಿ ತಾಗಿದ ಜಾಗದಲ್ಲಿ 4.3ರ ವರ್ಗ ಗುಣಿಸು ಒಂದು, ಅಂದರೆ 18 ವ್ಯಾಟ್ ಎಡೆಬಿಡದೆ ಇಳಿಯುತ್ತಿದೆ. ಇದೇ ಈ ಐರನ್ನಿನ ಮುಕ್ಕಾಲು ಪಾಲು ಕಾವು. ಒಂದೆರಡು ನಿಮಿಷದಲ್ಲಿ ಟ್ರಕ್ಕಿನ ಪ್ಲಾಸ್ಟಿಕ್ ಪಕ್ಕೆ ಬಾಗುತ್ತದೆ, ಹಳಿಯಡಿಯ ಸ್ಲೀಪರ್ ಪಟ್ಟಿ ಕರಗುತ್ತದೆ, ಎಂಜಿನ್ ನಡುವೆ ಸಿಕ್ಕಿದ್ದರೆ ಒಳಗಿನ ಸಣ್ಣ ವೈರಿನ ಇನ್ಸುಲೇಷನ್ ಹೋಗುತ್ತದೆ.

ಹಾಗಾಗಿ ರಕ್ಷಣೆ ಅಂದರೆ ಮೊದಲು ಬ್ರೇಕರ್ (ಕರೆಂಟ್ ಮಿತಿ ದಾಟಿದಾಗ ಕಡಿಯುವ ಸಾಧನ) ಕೊಳ್ಳುವುದಲ್ಲ. ಶಾರ್ಟ್ ಆದದ್ದು ಬ್ರೇಕರಿಗೆ ಗೊತ್ತಾಗುವ ಹಾಗೆ ವೈರ್ ಹಾಕುವುದು. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಸರಿಹೊಂದುತ್ತದೆ.

ಅದೇ ಹತ್ತು ಮೀಟರಿಗೆ 2.5 ಸ್ಕ್ವೇರ್ ಎಂಎಂ ಮನೆ ವೈರಿಂಗಿನ ಮೆತ್ತನೆಯ ವೈರ್ ಹಾಕಿ. ಮೀಟರಿಗೆ 8 ಮಿಲಿಓಮ್, ಇಪ್ಪತ್ತು ಮೀಟರಿಗೆ 0.16 ಓಮ್. ಐದನೇ ಒಂದು ಪಾಲು. ಐದು ಆಂಪಿಯರ್ ಬೂಸ್ಟರಿಗೆ ಹತ್ತು ಮೀಟರ್‌ವರೆಗೆ ಇದು ಸಾಕು. ಲೇಔಟ್ ಮೂರು ನಾಲ್ಕು ಮೀಟರಿನದಾದರೆ 1.5 ನಡೆಯುತ್ತದೆ. ಈ ಎರಡು ಮುಖ್ಯ ವೈರುಗಳನ್ನು, ಅಂದರೆ ಬಸ್‌ವೈರನ್ನು, ಲೇಔಟಿನ ಅಡಿಯಲ್ಲಿ ಒಂದಕ್ಕೊಂದು ಹೊಸೆದು ಒಯ್ಯಿರಿ, ಒಂದಡಿಗೆ ಮೂರು ನಾಲ್ಕು ಸುತ್ತು ಸಾಕು. ಏಕೆ ಹೊಸೆಯಬೇಕು ಅನ್ನುವುದು ಮುಂದೆ ಬರುತ್ತದೆ. ಬಸ್‌ವೈರಿನಿಂದ ಹಳಿಗೆ ಏರುವ ಫೀಡರ್ ಗಿಡ್ಡ ಇರಲಿ, 15ರಿಂದ 20 ಸೆಂಟಿಮೀಟರ್, 0.5 ಅಥವಾ 0.75 ಸ್ಕ್ವೇರ್ ಎಂಎಂ. ಪ್ರತಿ ಹಳಿ ತುಂಡಿಗೂ ಅದರದ್ದೇ ಫೀಡರ್. ಬಾಗಿಸಬಹುದಾದ ಫ್ಲೆಕ್ಸ್ ಹಳಿ ಒಂದೊಂದು 914 ಮಿಮೀ ಇರುತ್ತದೆ, ಅಂದರೆ ಮೂರಡಿಗೆ ಒಂದು ಜೋಡಿ. ಜಾಯಿನರನ್ನು ನಂಬಬೇಡಿ. ಅದು ಹಳಿಯನ್ನು ಸಾಲಾಗಿ ಹಿಡಿಯಲು ಇರುವ ತಗಡು. ಇವತ್ತು ಕರೆಂಟ್ ಒಯ್ದರೂ ಎರಡು ಮಳೆಗಾಲ ಕಳೆದ ಮೇಲೆ ಒಯ್ಯುತ್ತದೆ ಅನ್ನುವ ಭರವಸೆ ಇಲ್ಲ. ಫೀಡರಿನ ಕೂಡು ಜಾಗಗಳನ್ನು ಸುತ್ತಿ ಟೇಪ್ ಹಚ್ಚಿ ಬಿಡಬೇಡಿ, ಬೆಸುಗೆ ಹಾಕಿ.

ಈಗ ನಾಣ್ಯ. ಎಚ್‌ಓ ಹಳಿಯ ನಡುವಿನ ಅಂತರ 16.5 ಮಿಮೀ. ರೂಪಾಯಿ ನಾಣ್ಯ ಅದಕ್ಕಿಂತ ಅಗಲ, ಎರಡೂ ಹಳಿಯ ಮೇಲೆ ಸರಿಯಾಗಿ ಕೂರುತ್ತದೆ. ವೈರಿಂಗ್ ಮುಗಿದ ಮೇಲೆ ಎಲ್ಲ ಎಂಜಿನ್, ಬೋಗಿ ತೆಗೆದಿಡಿ. ಬಟ್ಟೆ ಒಣಗಿಸುವ ಮರದ ಕ್ಲಿಪ್ಪಿನಲ್ಲಿ ನಾಣ್ಯ ಹಿಡಿದು ಹಳಿಗೆ ಒತ್ತಿ. ಒಂದು ಸೆಕೆಂಡಿನೊಳಗೆ ಟ್ರಿಪ್ ಆಗಬೇಕು. ಆಗದಿದ್ದರೆ ತಕ್ಷಣ ನಾಣ್ಯ ಎತ್ತಿ, ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಹಿಡಿದೇ ನಿಂತರೆ ನಾಣ್ಯವೂ ಹಳಿಯೂ ಬಿಸಿಯಾಗುತ್ತವೆ. ಹೀಗೆ ಪ್ರತಿ ಹಳಿ ತುಂಡಿನ ಎರಡೂ ತುದಿ, ಪ್ರತಿ ಸೈಡಿಂಗಿನ ಕೊನೆ, ಪ್ರತಿ ಪಾಯಿಂಟಿನ (ಹಳಿ ಎರಡಾಗಿ ಕವಲೊಡೆಯುವ ಜಾಗ) ಮೂರೂ ಕಾಲು. ಪಾಯಿಂಟನ್ನು ಎರಡೂ ಕಡೆ ತಿರುಗಿಸಿ ಮತ್ತೊಮ್ಮೆ. ಗುರುತು ಬಿದ್ದ ಕಡೆಯೆಲ್ಲ ಫೀಡರ್ ಕಡಿಮೆಯಿದೆ, ಇಲ್ಲವೇ ಬೆಸುಗೆ ಸರಿಯಿಲ್ಲ. ಬ್ರೇಕರ್ ಬದಲಿಸುವುದರಿಂದ ಅದು ಸರಿಯಾಗುವುದಿಲ್ಲ.

ಮೂರನೆಯದು ಬಲ್ಬ್. ಬೇರೆ ದೇಶಗಳಲ್ಲಿ 1156 ನಂಬರಿನ ಬಲ್ಬ್ ಬಳಸುತ್ತಾರೆ, ನಮ್ಮಲ್ಲಿ ಆಟೊಮೊಬೈಲ್ ಅಂಗಡಿಯ 12 ವೋಲ್ಟ್ 21 ವ್ಯಾಟ್ ಒಂದೇ ಫಿಲಮೆಂಟಿನದು ಅದೇ ಕೆಲಸ ಮಾಡುತ್ತದೆ. ಲೇಔಟಿನ ಒಂದು ಸೆಕ್ಷನ್ನಿಗೆ (ವಿದ್ಯುತ್ತಿಗೆ ಪ್ರತ್ಯೇಕ ಮಾಡಿದ ಭಾಗಕ್ಕೆ) ಹೋಗುವ ಎರಡು ವೈರುಗಳಲ್ಲಿ ಒಂದರ ನಡುವೆ ಸೀರೀಸ್‌ನಲ್ಲಿ ಕೂರಿಸಬೇಕು. ತಣ್ಣಗಿರುವಾಗ ಫಿಲಮೆಂಟಿನ ಪ್ರತಿರೋಧ ಒಂದು ಓಮಿಗೂ ಕಡಿಮೆ. ಶಾರ್ಟ್ ಆಯಿತು, ಫಿಲಮೆಂಟ್ ಕಾದು ಬೆಳಗಿತು, ಪ್ರತಿರೋಧ ಏಳು ಓಮ್ ದಾಟಿತು, ಕರೆಂಟ್ 2 ಆಂಪಿಯರಿನ ಆಸುಪಾಸಿನಲ್ಲಿ ನಿಂತಿತು. ಬೂಸ್ಟರ್ ಟ್ರಿಪ್ ಆಗುವುದಿಲ್ಲ, ಬೇರೆ ಸೆಕ್ಷನ್ನಿನ ರೈಲು ನಡೆಯುತ್ತಲೇ ಇರುತ್ತದೆ, ಬೆಳಗಿದ ಬಲ್ಬೇ ಶಾರ್ಟ್ ಎಲ್ಲಿದೆ ಅಂತ ತೋರಿಸುತ್ತದೆ. ಅಗ್ಗದ, ಚೊಕ್ಕ ಉಪಾಯ.

ಆದರೆ ಅದರ ಮಿತಿಯನ್ನೂ ಹೇಳಲೇಬೇಕು. ಬಲ್ಬ್ ಕರೆಂಟನ್ನು ಕಡಿಯುವುದಿಲ್ಲ, ತಗ್ಗಿಸುತ್ತದೆ. ಶಾರ್ಟಿನ ಜಾಗದಲ್ಲಿ ಕಾವು ಕಡಿಮೆಯಾದರೂ ಇರುತ್ತದೆ. ಮಾಮೂಲಿ ಓಟದಲ್ಲೂ ಅದು ವೋಲ್ಟೇಜ್ ತಿನ್ನುತ್ತದೆ: ಅರ್ಧ ಆಂಪಿಯರಿಗೆ ಒಂದು ವೋಲ್ಟಿನಷ್ಟು, ಒಂದು ಆಂಪಿಯರಿಗೆ ನಾಲ್ಕು ವೋಲ್ಟಿನ ಹತ್ತಿರ. ಒಂದೆರಡು ಎಂಜಿನ್ ಓಡುವ ಸೆಕ್ಷನ್ನಿಗೆ ಒಪ್ಪುತ್ತದೆ, ಸದ್ದು ಮಾಡುವ ನಾಲ್ಕು ಎಂಜಿನ್ ನಿಲ್ಲಿಸುವ ಲೋಕೋ ಶೆಡ್ಡಿಗೆ ಒಪ್ಪುವುದಿಲ್ಲ. ಶಾರ್ಟಿನಲ್ಲಿ ಬಲ್ಬಿನಲ್ಲೇ 30 ವ್ಯಾಟ್ ಸುರಿಯುತ್ತದೆ, ಗಾಜು ಮುಟ್ಟಲಾಗದಷ್ಟು ಕಾಯುತ್ತದೆ. ಪ್ಲೈವುಡ್, ಥರ್ಮೋಕೋಲ್, ವೈರಿನ ಕಟ್ಟು ಇವುಗಳಿಂದ ಒಂದು ಗೇಣು ದೂರ, ಹೋಲ್ಡರಿನಲ್ಲಿ ಗಾಳಿಗೆ ತೆರೆದು ಇಡಿ. ಇನ್ನೊಂದು ದೊಡ್ಡ ತಪ್ಪು, ಬಲ್ಬನ್ನೂ ಎಲೆಕ್ಟ್ರಾನಿಕ್ ಬ್ರೇಕರನ್ನೂ ಒಂದೇ ಸೆಕ್ಷನ್ನಿಗೆ ಸಾಲಾಗಿ ಹಾಕುವುದು. ಎರಡಿದ್ದರೆ ಇಮ್ಮಡಿ ರಕ್ಷಣೆ ಅನ್ನಿಸುತ್ತದೆ. ಆಗುವುದೇ ಬೇರೆ: ಬಲ್ಬ್ ಕರೆಂಟನ್ನು ಎರಡಕ್ಕೆ ಹಿಡಿದಿಡುತ್ತದೆ, ಮೂರಕ್ಕೆ ಟ್ರಿಪ್ ಆಗಬೇಕಾದ ಬ್ರೇಕರಿಗೆ ಶಾರ್ಟ್ ಕಾಣಿಸುವುದೇ ಇಲ್ಲ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

ನಮ್ಮ ಅಭಿಪ್ರಾಯ ಕೇಳಿದರೆ, ಡಿಸಿಸಿಗೆ ಕೈಯಲ್ಲಿ ದುಡ್ಡಿದ್ದಾಗ ಎಲೆಕ್ಟ್ರಾನಿಕ್ ಬ್ರೇಕರೇ ಸರಿ. ಲೋಂಡಾ ಜಂಕ್ಷನ್ನಿನ ಮಾದರಿ ಮಾಡುತ್ತಿದ್ದೀರಿ ಅನ್ನಿ. ಸ್ಟೇಷನ್ ಯಾರ್ಡ್ ಒಂದು ಸೆಕ್ಷನ್, ಬೆಳಗಾವಿ ಕಡೆಯ ಮುಖ್ಯ ಹಳಿ ಒಂದು, ಕ್ಯಾಸಲ್‌ರಾಕ್ ಕಡೆಯದು ಒಂದು, ಎಂಜಿನ್ ನಿಲ್ಲುವ ಹಳಿಗಳು ಒಂದು. ಐದು ಆಂಪಿಯರಿನ ಒಂದೇ ಬೂಸ್ಟರ್, ನಾಲ್ಕು ಬ್ರೇಕರ್. ಸೆಕ್ಷನ್ ಬದಲಾಗುವ ಕಡೆ ಎರಡೂ ಹಳಿಗೆ ಗ್ಯಾಪ್. ಬ್ರೇಕರಿನ ಮಿತಿ ಬೂಸ್ಟರಿನದಕ್ಕಿಂತ ಕಡಿಮೆ ಇರಲೇಬೇಕು, 3ರಿಂದ ಮೂರೂವರೆ ಆಂಪಿಯರ್. ವೇಗವೂ ಬೂಸ್ಟರಿಗಿಂತ ಹೆಚ್ಚಿರಬೇಕು. ಯಾರ್ಡಿನಲ್ಲಿ ನಾಣ್ಯ ಇಟ್ಟಾಗ ಇಡೀ ಲೇಔಟ್ ನಿಂತರೆ ಬೂಸ್ಟರ್ ಮೊದಲು ಟ್ರಿಪ್ ಆಯಿತು ಅಂತ ಅರ್ಥ. ಬ್ರೇಕರಿನ ಮಿತಿ ಇನ್ನೂ ಇಳಿಸಿ, ಅಥವಾ ಬೂಸ್ಟರಿನ ವಿಳಂಬ ಹೆಚ್ಚಿಸುವ ಸೌಲಭ್ಯ ಇದ್ದರೆ ಬಳಸಿ. ಡಿಜಿಟ್ರಾಕ್ಸ್ ಪಿಎಂ42 ಥರದ ಬ್ರೇಕರುಗಳು ರಿಲೇ (ಆಯಸ್ಕಾಂತದಿಂದ ಕದಲುವ ಸ್ವಿಚ್) ಬಳಸುತ್ತವೆ, ಪಿಎಸ್‌ಎಕ್ಸ್ ಥರದವು ಮಾಸ್‌ಫೆಟ್ (ಕದಲುವ ಭಾಗವಿಲ್ಲದ ಟ್ರಾನ್ಸಿಸ್ಟರ್ ಸ್ವಿಚ್). ರಿಲೇ ಕದಲುವುದಕ್ಕೆ ಮಿಲಿಸೆಕೆಂಡುಗಳು ಬೇಕು, ಮಾಸ್‌ಫೆಟ್ ಬಹಳ ಬೇಗ.

ಗಾಜಿನ ಫ್ಯೂಸ್ ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಐದು ಆಂಪಿಯರಿನ ಫ್ಯೂಸ್ ಐದು ಆಂಪಿಯರಿಗೆ ಹಾರುವುದಿಲ್ಲ, ಅಷ್ಟನ್ನು ಗಂಟೆಗಟ್ಟಲೆ ಒಯ್ಯಬಲ್ಲದು. ಬೇಗ ಹಾರಬೇಕಾದರೆ ಅದರ ಎರಡು ಪಟ್ಟಿನಷ್ಟು ಹರಿಯಬೇಕು. ಅಷ್ಟರಲ್ಲಿ ಬೂಸ್ಟರಿನ ಟ್ರಾನ್ಸಿಸ್ಟರ್ ಹೋಗಿರುತ್ತದೆ. ವಿದ್ಯುತ್ ಪೂರೈಕೆಯ ಬಾಯಲ್ಲಿ ಬೆಂಕಿ ತಡೆಯಲು ಒಂದು ಫ್ಯೂಸ್ ಇರಲಿ, ಅದರ ಕೆಲಸ ಅಷ್ಟೇ. ಪಾಲಿಫ್ಯೂಸ್ ಅನ್ನುವ ತಾನೇ ಸುಧಾರಿಸಿಕೊಳ್ಳುವ ಫ್ಯೂಸ್ ಡಿಸಿ ಕಂಟ್ರೋಲರಿಗೂ ಸಿಗ್ನಲ್ ದೀಪಗಳಿಗೂ ಒಳ್ಳೆಯದು. ಟ್ರಿಪ್ ಆಗುವ ಕರೆಂಟ್ ಹಿಡಿಯುವ ಕರೆಂಟಿನ ಎರಡು ಪಟ್ಟಿನಷ್ಟು, ಸಮಯ ಸೆಕೆಂಡುಗಳಲ್ಲಿ. ಇದು ಕಾವಿನಿಂದ ಕೆಲಸ ಮಾಡುವ ಸಾಮಾನಾದ್ದರಿಂದ ವಿಜಯಪುರದ ಏಪ್ರಿಲ್ ಮಧ್ಯಾಹ್ನ ಕೋಣೆ 40 ಡಿಗ್ರಿ ಇದ್ದಾಗ ಅದರ ಹಿಡಿತ ಶೇಕಡಾ 15–20ರಷ್ಟು ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ಸರಿ ಇದ್ದದ್ದು ಬೇಸಿಗೆಯಲ್ಲಿ ಸುಮ್ಮನೆ ಟ್ರಿಪ್ ಆಗುತ್ತಿದ್ದರೆ ಕಾರಣ ಇದೇ ಇರಬಹುದು.

ಶಾರ್ಟ್ ಹುಟ್ಟುವುದು ಎಲ್ಲಿ? ಬಹುಪಾಲು ಪಾಯಿಂಟಿನಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಪಾಯಿಂಟಿನ ಫ್ರಾಗ್, ಅಂದರೆ ಒಳಗಿನ ಎರಡು ಹಳಿ ಕೂಡುವ ಜಾಗ, ಪ್ಲಾಸ್ಟಿಕ್ಕಿನದಾದರೆ ಅದರ ಮೂಗಿನ ಹತ್ತಿರ ಬೇರೆ ಬೇರೆ ಧ್ರುವದ ಎರಡು ಹಳಿಗಳು ಒಂದೆರಡು ಮಿಲಿಮೀಟರ್ ಅಂತರಕ್ಕೆ ಬರುತ್ತವೆ. ಲೋಹದ ಗಾಲಿಯ ಅಗಲವಾದ ಹೊರಮೈ ಅದರ ಮೇಲೆ ದಾಟುವಾಗ ಎರಡನ್ನೂ ಒಮ್ಮೆಲೇ ಮುಟ್ಟುತ್ತದೆ. ಚಿಟ್ ಅಂತ ಕಿಡಿ, ಎಂಜಿನ್ ಒಂದು ಕ್ಷಣ ತಡವರಿಸುತ್ತದೆ, ಬ್ರೇಕರ್ ಚುರುಕಾಗಿದ್ದರೆ ಟ್ರಿಪ್. ಕತ್ತಲೆ ಮಾಡಿ ನಿಧಾನವಾಗಿ ಎಂಜಿನ್ ಓಡಿಸಿದರೆ ಕಿಡಿ ಎಲ್ಲಿ ಏಳುತ್ತದೆ ಅಂತ ಬರಿಗಣ್ಣಿಗೇ ಕಾಣುತ್ತದೆ. ತಾತ್ಕಾಲಿಕ ಉಪಾಯ, ಆ ಮೂಗಿನಿಂದ ಆರೆಂಟು ಮಿಲಿಮೀಟರ್ ಉದ್ದಕ್ಕೆ ಎರಡು ಹಳಿಯ ತಲೆಗೂ ಬಣ್ಣವಿಲ್ಲದ ಉಗುರುಬಣ್ಣ ತೆಳ್ಳಗೆ ಹಚ್ಚುವುದು. ಕೆಲವು ವಾರ ನಡೆಯುತ್ತದೆ, ಸವೆದ ಮೇಲೆ ಮತ್ತೆ ಹಚ್ಚಬೇಕು. ಕಾಯಂ ಉಪಾಯ, ಹಳಿಗಳನ್ನು ಇನ್ನೊಂದಿಷ್ಟು ಹಿಂದೆ ಕತ್ತರಿಸಿ, ಅವುಗಳ ಅಂತರ ಗಾಲಿಯ ಅಗಲಕ್ಕಿಂತ ಹೆಚ್ಚಿರುವ ಜಾಗಕ್ಕೆ ಗ್ಯಾಪನ್ನು ಸರಿಸುವುದು. ನಡುವೆ ಉಳಿದ ತುಂಡಿಗೆ ಸ್ವಿಚ್ಚಿನಿಂದ ವಿದ್ಯುತ್ ಕೊಡುವುದು.

ಲೋಹದ ಫ್ರಾಗಿನ ಪಾಯಿಂಟ್ ನಿಧಾನ ಓಟಕ್ಕೆ ಬಹಳ ಒಳ್ಳೆಯದು, ಆದರೆ ಅದರಿಂದ ಹೊರಡುವ ಒಳಗಿನ ಎರಡೂ ಹಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕುವುದು ಮರೆತರೆ ಪಾಯಿಂಟ್ ತಿರುಗಿಸಿದ ಕೂಡಲೇ ಗಟ್ಟಿ ಶಾರ್ಟ್. ಫ್ರಾಗಿಗೆ ವಿದ್ಯುತ್ ಕೊಡುವ ಸ್ವಿಚ್ ಪಾಯಿಂಟ್ ಮೋಟರಿಗೆ ಅಂಟಿಕೊಂಡಿರುತ್ತದೆ. ಪಾಯಿಂಟಿನಲ್ಲಿ ಅತ್ತಿತ್ತ ಸರಿಯುವ ಹಳಿಯ ನಾಲಿಗೆ ಒಂದು ಬದಿ ಬಿಡುವ ಮೊದಲೇ ಸ್ವಿಚ್ ಧ್ರುವ ಬದಲಿಸಿದರೆ ಆ ಕ್ಷಣಕ್ಕೆ ಶಾರ್ಟ್. ಮೋಟರಿನ ಸ್ಥಾನವನ್ನು ಅರ್ಧ ಮಿಲಿಮೀಟರ್ ಅತ್ತಿತ್ತ ಸರಿಸಿ, ನಾಲಿಗೆ ಎರಡೂ ಬದಿಯಿಂದ ದೂರ ಇರುವ ನಡುಹಾದಿಯಲ್ಲಿ ಸ್ವಿಚ್ ಬದಲಾಗುವಂತೆ ಮಾಡಬೇಕು. ಇನ್ನು ಹಳೆಯ ವಿನ್ಯಾಸದ ಪಾಯಿಂಟುಗಳಲ್ಲಿ ತೆರೆದ ನಾಲಿಗೆಗೂ ಪಕ್ಕದ ಹಳಿಗೂ ಬೇರೆ ಧ್ರುವ. ಗಾಲಿಗಳ ಒಳಮೈ ಅಂತರ ಕಡಿಮೆಯಿದ್ದರೆ ಗಾಲಿಯ ಬೆನ್ನು ಆ ನಾಲಿಗೆಗೆ ಉಜ್ಜುತ್ತದೆ. ಓಓ ಅಳತೆಗೆ (1:76) ಈ ಒಳ ಅಂತರ 14.5 ಮಿಮೀ, ಎಚ್‌ಓಗೆ ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಗೇಜ್ ತಗಡು ಇಟ್ಟು ನೋಡಿ. ಒಂದೇ ಬೋಗಿ ಒಂದೇ ಪಾಯಿಂಟಿನಲ್ಲಿ ಮತ್ತೆ ಮತ್ತೆ ಶಾರ್ಟ್ ಮಾಡುತ್ತಿದ್ದರೆ ಪಾಯಿಂಟನ್ನು ಬೈಯುವ ಮೊದಲು ಬೋಗಿಯ ಗಾಲಿ ಅಳೆಯಿರಿ.

ನಮ್ಮ ಭಾಗದವರು ಬ್ರಗಾಂಝಾ ಘಾಟ್ ಮಾದರಿ ಮಾಡಲು ಇಷ್ಟಪಡುತ್ತಾರೆ. ಕುಳೆಯಿಂದ ಕ್ಯಾಸಲ್‌ರಾಕ್‌ವರೆಗೆ 37ಕ್ಕೆ 1ರ ಏರು, ಹಿಂದಿನಿಂದ ದೂಡುವ ಬ್ಯಾಂಕರ್ ಎಂಜಿನ್‌ಗಳು. ಮಾದರಿಯಲ್ಲಿ ಎರಡು ಮೂರು ಎಂಜಿನ್ ಜೋಡಿಸುತ್ತೀರಿ. ಇಲ್ಲೊಂದು ಗುಟ್ಟಾದ ಶಾರ್ಟ್ ಇದೆ. ಕೆಲವು ಎಂಜಿನ್ನಿನ ಲೋಹದ ಚಾಸಿ ಒಂದು ಬದಿಯ ಹಳಿಗೆ ಕೂಡಿರುತ್ತದೆ. ಎರಡನ್ನು ವಿರುದ್ಧ ಮುಖವಾಗಿ ಜೋಡಿಸಿದರೆ ಒಂದರ ಚಾಸಿ ಬಲ ಹಳಿಗೆ, ಇನ್ನೊಂದರದ್ದು ಎಡ ಹಳಿಗೆ. ಲೋಹದ ಕಪ್ಲರ್ (ಕೊಂಡಿ) ಎರಡನ್ನೂ ಕೂಡಿಸಿತು ಅಂದರೆ ಶಾರ್ಟ್ ಕಪ್ಲರಿನ ಮೂಲಕ. ಹಳಿಯೆಲ್ಲ ಹುಡುಕಿದರೂ ಸಿಗುವುದಿಲ್ಲ. ಕಪ್ಲರಿನ ಪೆಟ್ಟಿಗೆಯೂ ಅದರ ಸ್ಕ್ರೂವೂ ಪ್ಲಾಸ್ಟಿಕ್ಕಿನವು ಇರಲಿ, ಮೀಟರಿನಲ್ಲಿ ಕಪ್ಲರಿಗೂ ಗಾಲಿಗೂ ಸಂಪರ್ಕ ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

ಪಾಯಿಂಟಿಗೆ ಸಂಬಂಧಿಸಿದ ಇನ್ನೊಂದು ಮಾತು, ಇದನ್ನು ಬಹಳ ಜನ ಕಡೆಗಣಿಸುತ್ತಾರೆ. ತಪ್ಪು ಬದಿಗೆ ತಿರುಗಿದ ಪಾಯಿಂಟಿಗೆ ಎಂಜಿನ್ ನುಗ್ಗಿದರೆ ಶಾರ್ಟ್. ಸೆಕ್ಷನ್ನಿಗೆ ವಿದ್ಯುತ್ ಹೋಯಿತು. ಪಾಯಿಂಟ್ ಸರಿಪಡಿಸಿದರೆ ಶಾರ್ಟ್ ಬಿಡುತ್ತದೆ. ಆದರೆ ಪಾಯಿಂಟ್ ನಡೆಸುವ ಡಿಕೋಡರಿಗೂ ಅದೇ ಹಳಿಯಿಂದ ವಿದ್ಯುತ್ ಕೊಟ್ಟಿದ್ದರೆ? ಶಾರ್ಟ್ ಬಿಡುವವರೆಗೆ ಪಾಯಿಂಟ್ ತಿರುಗುವುದಿಲ್ಲ, ಪಾಯಿಂಟ್ ತಿರುಗುವವರೆಗೆ ಶಾರ್ಟ್ ಬಿಡುವುದಿಲ್ಲ. ಹಾಗಾಗಿ ಪಾಯಿಂಟ್ ಡಿಕೋಡರುಗಳಿಗೆ ಪ್ರತ್ಯೇಕ ಬಸ್, ಬ್ರೇಕರುಗಳಿಗಿಂತ ಹಿಂದಿನಿಂದಲೇ ತೆಗೆದದ್ದು, ಅದಕ್ಕೆ ಅದರದ್ದೇ ಸಣ್ಣ ರಕ್ಷಣೆ.

ಹಳಿ ತಿರುಗಿ ತನಗೆ ತಾನೇ ಕೂಡುವ ಲೂಪಿನಲ್ಲಿ ಎಡ ಹಳಿ ಬಲ ಹಳಿಗೆ ಸೇರುವುದರಿಂದ ಶಾರ್ಟ್ ಖಂಡಿತ. ಲೂಪಿನ ಎರಡೂ ತುದಿಗೆ, ಎರಡೂ ಹಳಿಗೆ ಗ್ಯಾಪ್ ಕೊಟ್ಟು ಆಟೋ ರಿವರ್ಸರ್ ಹಾಕುತ್ತಾರೆ. ಅದು ಶಾರ್ಟನ್ನು ಗುರುತಿಸಿ ಧ್ರುವ ಬದಲಿಸುವ ಸಾಮಾನು. ಬ್ರೇಕರಿಗಿಂತ ಮೊದಲು ಅದಕ್ಕೆ ಗೊತ್ತಾಗಬೇಕು, ಅಂದರೆ ಅದರ ಮಿತಿ ಬ್ರೇಕರಿನದಕ್ಕಿಂತ ಕಡಿಮೆ. ಅದರ ಹಿಂದೆ ಬಲ್ಬ್ ಇದ್ದರೆ ಮಿತಿ 2 ಆಂಪಿಯರಿಗೂ ಕೆಳಗೆ ಇರಬೇಕು, ಇಲ್ಲದಿದ್ದರೆ ಅದು ಬದಲಿಸುವುದೇ ಇಲ್ಲ. ಗ್ಯಾಪಿನಿಂದ ಗ್ಯಾಪಿನವರೆಗಿನ ಉದ್ದ ನಿಮ್ಮ ಅತಿ ಉದ್ದದ ರೈಲಿಗಿಂತ ಹೆಚ್ಚಿರಲಿ. ರೈಲಿನ ಲೋಹದ ಗಾಲಿಗಳು ಎರಡೂ ತುದಿಯ ಗ್ಯಾಪನ್ನು ಒಟ್ಟಿಗೆ ದಾಟಿದರೆ ರಿವರ್ಸರಿಗೆ ಯಾವ ಕಡೆ ಬದಲಿಸಿದರೂ ಶಾರ್ಟೇ.

ಗ್ಯಾಪ್ ಅಂದೆವಲ್ಲ, ನಮ್ಮ ಹವಾಮಾನದಲ್ಲಿ ಅದಕ್ಕೇ ಒಂದು ತೊಂದರೆ ಇದೆ. ಡಿಸೆಂಬರಿನ ಬೆಳಿಗ್ಗೆ 15 ಡಿಗ್ರಿಯಲ್ಲಿ ಬಾಗಲಕೋಟೆಯ ಒಂದು ಮಾಳಿಗೆ ಕೋಣೆಯಲ್ಲಿ ಹಳಿ ಹಾಸಿ, ಮೂರು ಮೀಟರ್ ಉದ್ದ ಬೆಸುಗೆ ಹಾಕಿ, ಕೊನೆಗೆ 0.7 ಮಿಮೀ ಡಿಸ್ಕಿನಿಂದ ಗ್ಯಾಪ್ ಕೊಯ್ದಿದ್ದೀರಿ ಅನ್ನಿ. ಮೇ ತಿಂಗಳಲ್ಲಿ ಅದೇ ಕೋಣೆ 38 ಡಿಗ್ರಿ. ನಿಕಲ್ ಸಿಲ್ವರ್ ಡಿಗ್ರಿಗೆ ಮೀಟರಿಗೆ ಸುಮಾರು 0.016 ಮಿಮೀ ಹಿಗ್ಗುತ್ತದೆ. ಮೂರು ಮೀಟರಿಗೆ, 23 ಡಿಗ್ರಿಗೆ, 1.1 ಮಿಮೀ. ಗ್ಯಾಪ್ ಮುಚ್ಚಿತು, ಎರಡು ಸೆಕ್ಷನ್ ಒಂದಾಯಿತು. ಲೂಪಾದರೆ ನೇರ ಶಾರ್ಟ್. ಬೆಳಗಾವಿಯ ಮಳೆಗಾಲದಲ್ಲಿ ಬೇರೆ ಥರ: ಹಳಿಗಿಂತ ಅಡಿಯ ಪ್ಲೈವುಡ್ ತೇವ ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಹಳಿಗಳನ್ನು ಒಂದಕ್ಕೊಂದು ದೂಡುತ್ತದೆ. ಗ್ಯಾಪ್ ಕೊಯ್ದು ಹಾಗೇ ಬಿಡಬೇಡಿ. ತೆಳು ಸ್ಟೈರೀನ್ (ಪ್ಲಾಸ್ಟಿಕ್) ಚೂರನ್ನು ಸೂಪರ್ ಗ್ಲೂ ಹಚ್ಚಿ ತೂರಿಸಿ, ಒಣಗಿದ ಮೇಲೆ ಹಳಿಯ ಆಕಾರಕ್ಕೆ ಅರದಿಂದ ಉಜ್ಜಿ. ಮೂರು ಮೀಟರ್ ಉದ್ದಕ್ಕೂ ಬೆಸುಗೆ ಹಾಕುವ ಬದಲು ಎರಡು ತುಂಡಿಗೊಮ್ಮೆ ಜಾಯಿನರನ್ನು ಬೆಸುಗೆಯಿಲ್ಲದೆ ಬಿಟ್ಟರೆ ಹಳಿಗೆ ಆಡಲು ಜಾಗ ಸಿಗುತ್ತದೆ. ಪ್ರತಿ ತುಂಡಿಗೂ ಫೀಡರ್ ಇರುವುದರಿಂದ ವಿದ್ಯುತ್ತಿಗೆ ತೊಂದರೆ ಇಲ್ಲ. ಪ್ಲೈವುಡ್ಡಿನ ಅಂಚು, ಅಡಿ ಎರಡಕ್ಕೂ ಬಣ್ಣ ಬಳಿಯಿರಿ.

ಜಲ್ಲಿಯ ಬಗ್ಗೆಯೂ ಒಂದು ಮಾತು. ಇಲ್ಲಿನ ಕ್ರಷರಿನ ಕರಿಕಲ್ಲಿನ ಪುಡಿ ನೋಡಲು ಅಪ್ಪಟ ರೈಲ್ವೆ ಜಲ್ಲಿಯಂತೆ ಕಾಣುತ್ತದೆ, ಜರಡಿ ಹಿಡಿದು ಬಳಸುವವರಿದ್ದಾರೆ. ಈ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಕಣ ಇರುತ್ತದೆ. ಎಂಜಿನ್ ಮೋಟರಿನ ಆಯಸ್ಕಾಂತ ಅದನ್ನು ಎಳೆದುಕೊಂಡು ಒಳಗೆ ಸೇರಿಸುತ್ತದೆ. ಕಾಗದದ ಮೇಲೆ ಹರಡಿ ಬಲವಾದ ಆಯಸ್ಕಾಂತ ಆಡಿಸಿ, ಹತ್ತಿದ್ದನ್ನು ಎಸೆದು ಉಳಿದದ್ದನ್ನು ಬಳಸಿ. ಜಲ್ಲಿಗೆ ಹಾಕಿದ ಅಂಟುನೀರು ಪೂರ್ತಿ ಒಣಗುವವರೆಗೆ ವಿದ್ಯುತ್ ಕೊಡಬೇಡಿ. ಹಳಿ ಒರೆಸಲು ಉಕ್ಕಿನ ನಾರು ಯಾವತ್ತೂ ಬೇಡ.

ಈಗ ಡಿಕೋಡರಿನ ಮಾತು. ಹೊಸದಾಗಿ ಕೂರಿಸುವಾಗ ಕೆಂಪು ಮತ್ತು ಕಪ್ಪು ವೈರ್ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟರಿಗೆ, ನೀಲಿಯದು ಎಲ್ಲ ದೀಪಗಳಿಗೂ ಸಾಮಾನ್ಯವಾದ ಧನ (ಪ್ಲಸ್) ವೈರ್, ಬಿಳಿ ಮುಂದಿನ ದೀಪ, ಹಳದಿ ಹಿಂದಿನದು. ಡಿಕೋಡರ್ ಸಾಯುವ ಮುಖ್ಯ ಕಾರಣ ಒಂದೇ: ಮೋಟರಿನ ಬ್ರಷ್ ಚಾಸಿಗೆ ಮುಟ್ಟಿರುವುದು. ಹಳಿಯ ವಿದ್ಯುತ್ ಚಾಸಿಯ ಮೂಲಕ ಹಿಂಬಾಗಿಲಿನಿಂದ ಮೋಟರ್ ಡ್ರೈವರಿಗೆ ನುಗ್ಗುತ್ತದೆ. ಅಷ್ಟು ಸಣ್ಣ ಚಿಪ್ ಸುಡಲು ಬೇಕಾದ ಕರೆಂಟ್ ಬ್ರೇಕರಿನ ಮಿತಿಗಿಂತ ಎಷ್ಟೋ ಕಡಿಮೆ. ಹಾಗಾಗಿ ಲೇಔಟಿನ ಯಾವ ಬ್ರೇಕರೂ ಇದನ್ನು ತಡೆಯುವುದಿಲ್ಲ. ತಡೆಯುವುದು ಮಲ್ಟಿಮೀಟರ್. ಡಿಕೋಡರ್ ಕೂರಿಸುವ ಮೊದಲು ಮೋಟರಿನ ಎರಡೂ ಬ್ರಷ್‌ಗಳನ್ನು ಒಂದೊಂದಾಗಿ ಎಡ ಗಾಲಿ, ಬಲ ಗಾಲಿ, ಚಾಸಿಗಳ ಜೊತೆ ಅಳೆಯಿರಿ. ಆರೂ ಸಲ ಮೀಟರ್ ಬೀಪ್ ಅನ್ನಬಾರದು, ಅಂದರೆ ಸಂಪರ್ಕ ಇರಬಾರದು. ಮೋಟರನ್ನು ಬೆರಳಿನಿಂದ ತಿರುಗಿಸುತ್ತ ಅಳೆಯಿರಿ, ಒಂದೇ ಕೋನದಲ್ಲಿ ಮಾತ್ರ ಮುಟ್ಟುವ ಬ್ರಷ್ ಇರುತ್ತದೆ. ಆಮೇಲೆ ಮೊದಲ ಸಲ ಪ್ರೋಗ್ರಾಮಿಂಗ್ ಹಳಿಯ (ಡಿಕೋಡರಿನ ಸೆಟ್ಟಿಂಗ್ ಓದಿ ಬರೆಯುವ ಪ್ರತ್ಯೇಕ ಹಳಿ) ಮೇಲೆಯೇ ಇಡಿ. ಅಲ್ಲಿ ಕರೆಂಟ್ 250 ಮಿಲಿಆಂಪಿಯರಿಗೆ ಸೀಮಿತ. ತಪ್ಪಿದ್ದರೂ ಹೊಗೆ ಏಳುವ ಸಂಭವ ಕಡಿಮೆ. ಓದಲು ಆಗುತ್ತಿಲ್ಲ ಅಂತ ಬಂದರೆ ಮುಖ್ಯ ಹಳಿಗೆ ಒಯ್ದು 'ಅಲ್ಲಾದರೂ ಓಡೀತು' ಅಂತ ಪರೀಕ್ಷಿಸಬೇಡಿ.

ಶಾರ್ಟ್ ಇಲ್ಲದಿದ್ದರೂ ಬ್ರೇಕರ್ ಶಾರ್ಟ್ ಅಂತ ತಿಳಿಯುವುದುಂಟು. ಸದ್ದಿನ ಡಿಕೋಡರುಗಳಲ್ಲಿ, ವಿದ್ಯುತ್ ಕಾದಿಡುವ ಜೋಡಣೆಗಳಲ್ಲಿ ದೊಡ್ಡ ಕೆಪ್ಯಾಸಿಟರ್ ಇರುತ್ತವೆ. ಸೆಕ್ಷನ್ನಿಗೆ ವಿದ್ಯುತ್ ಬಂದ ಕ್ಷಣ ಅವೆಲ್ಲ ಒಟ್ಟಿಗೆ ಹೀರುತ್ತವೆ. ಬ್ರೇಕರ್ ಟ್ರಿಪ್, ಮತ್ತೆ ಪ್ರಯತ್ನ, ಮತ್ತೆ ಟ್ರಿಪ್. ಕೆಪ್ಯಾಸಿಟರಿಗೆ ಹೋಗುವ ದಾರಿಯಲ್ಲಿ 100 ಓಮಿನ ರೆಸಿಸ್ಟರ್, ಅದಕ್ಕೆ ಸಮಾನಾಂತರವಾಗಿ ಹೊರಹರಿವಿನ ದಿಕ್ಕಿಗೆ ಒಂದು 1ಎನ್4001 ಡಯೋಡ್. ತುಂಬುವುದು ನಿಧಾನ, ಬಿಡುವುದು ಬೇಗ. ಅಷ್ಟಕ್ಕೂ ಸರಿಯಾಗದಿದ್ದರೆ ಲೋಕೋ ಶೆಡ್ಡಿನ ಹಳಿಗಳನ್ನು ಇನ್ನೂ ಸಣ್ಣ ಭಾಗ ಮಾಡಿ, ನಿಂತ ಎಂಜಿನ್‌ಗಳಿಗೆ ಒಂದೊಂದು ಟಾಗಲ್ ಸ್ವಿಚ್ ಕೊಡಿ.

ಬಸ್‌ವೈರನ್ನು ಏಕೆ ಹೊಸೆಯಬೇಕು ಅಂದರೆ, ಉದ್ದ ವೈರಿಗೆ ಇಂಡಕ್ಟೆನ್ಸ್, ಅಂದರೆ ಹರಿಯುವ ಕರೆಂಟ್ ಥಟ್ಟನೆ ಬದಲಾಗುವುದನ್ನು ತಡೆಯುವ ಗುಣ, ಇರುತ್ತದೆ. ಶಾರ್ಟಿನಲ್ಲಿ ಐದಾರು ಆಂಪಿಯರ್ ಹರಿಯುತ್ತಿದ್ದಾಗ ಬ್ರೇಕರ್ ಥಟ್ಟನೆ ಕಡಿದರೆ, ಅಥವಾ ಗಾಲಿ ಜಿಗಿದು ಶಾರ್ಟ್ ಬಿಟ್ಟರೆ, ವೈರಿನಲ್ಲಿ ಕೂಡಿದ ಶಕ್ತಿ ವೋಲ್ಟೇಜ್ ಮೊನೆಯಾಗಿ ಏಳುತ್ತದೆ. ಎನ್ (ಎಚ್‌ಓಗಿಂತ ಚಿಕ್ಕದು) ಅಳತೆಗಿಂತ ದೊಡ್ಡ ಮಾದರಿಗಳ ಡಿಕೋಡರ್ 27 ವೋಲ್ಟ್ ತಡೆಯಬೇಕು ಅನ್ನುತ್ತದೆ ಎನ್‌ಎಂಆರ್‌ಎ ಮಾನದಂಡ. ಮೊನೆ ಅದನ್ನೂ ದಾಟಬಹುದು. ಹೊಸೆದರೆ ಇಂಡಕ್ಟೆನ್ಸ್ ತಗ್ಗುತ್ತದೆ. ಹತ್ತು ಮೀಟರಿಗಿಂತ ಉದ್ದದ ಬಸ್ಸಿನ ಕೊನೆಗೆ ಎರಡು ವೈರುಗಳ ನಡುವೆ 150 ಓಮಿನ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು ಸಾಲಾಗಿ ಹಾಕಿ. ಕೆಪ್ಯಾಸಿಟರ್ ಧ್ರುವವಿಲ್ಲದ್ದು, 100 ವೋಲ್ಟಿನದು. ರೆಸಿಸ್ಟರ್ 2 ವ್ಯಾಟಿನದೇ ಬೇಕು. ಡಿಸಿಸಿ ಅಲೆ ಪ್ರತಿ ಸಲ ತಿರುಗಿದಾಗ ಅದರಲ್ಲಿ ಕರೆಂಟ್ ಹರಿದು ಎಡೆಬಿಡದೆ ಮುಕ್ಕಾಲು ವ್ಯಾಟಿನಷ್ಟು ಕಾವು ಬರುತ್ತದೆ. ಕಾಲು ವ್ಯಾಟಿನ ಸಣ್ಣ ರೆಸಿಸ್ಟರ್ ಹಾಕಿದರೆ ಕಪ್ಪಾಗುತ್ತದೆ.

ಎರಡು ಬೂಸ್ಟರ್ ಇದ್ದವರಿಗೆ ಒಂದು ಪರೀಕ್ಷೆ. ಗ್ಯಾಪಿನ ಈಚೆ ಆಚೆ ಒಂದೇ ಬದಿಯ ಹಳಿಗೆ ಮೀಟರನ್ನು ಎಸಿ ವೋಲ್ಟಿಗಿಟ್ಟು ಅಳೆಯಿರಿ. ಸೊನ್ನೆಯ ಹತ್ತಿರ ಬಂದರೆ ಸರಿ. ಹಳಿ ವೋಲ್ಟೇಜಿನಷ್ಟು ಇಲ್ಲವೇ ಅದಕ್ಕಿಂತ ಹೆಚ್ಚು ಬಂದರೆ ಎರಡೂ ವಿರುದ್ಧವಾಗಿ ನಡೆಯುತ್ತಿವೆ, ಒಂದರ ಎರಡು ವೈರ್ ಅದಲುಬದಲು ಮಾಡಿ.

ಇಲ್ಲಿ ಬಂದಿರುವ ವಿದ್ಯಾರ್ಥಿಗಳು ಆರ್ಡುಯಿನೋ (ಪ್ರೋಗ್ರಾಮ್ ಮಾಡಬಹುದಾದ ಸಣ್ಣ ಬೋರ್ಡ್) ಹಚ್ಚಿ ಸ್ವಂತ ಡಿಸಿಸಿ ಸ್ಟೇಷನ್ ಕಟ್ಟುತ್ತಿದ್ದಾರೆ, ಸಂತೋಷ. ಹಳಿಗೆ ಕರೆಂಟ್ ಕೊಡುವ ಎಲ್298 ಚಿಪ್ಪಿಗೆ ಹೆಚ್ಚು ಕಾವಿನಿಂದ ರಕ್ಷಣೆ ಇದೆ, ಹೆಚ್ಚು ಕರೆಂಟಿನಿಂದ ಇಲ್ಲ ಅನ್ನುವುದನ್ನು ನೆನಪಿಡಿ. ಕರೆಂಟ್ ಅಳೆದು ಕಡಿಯುವ ಕೆಲಸ ನಿಮ್ಮ ಪ್ರೋಗ್ರಾಮಿನದು. ಆರ್ಡುಯಿನೋ ಮೋಟರ್ ಶೀಲ್ಡಿನಲ್ಲಿ ಪ್ರತಿ ಆಂಪಿಯರಿಗೆ 1.65 ವೋಲ್ಟ್ ಬರುವ ಸೆನ್ಸ್ ಪಿನ್ ಇದೆ. ಒಂದು ಸಲ ಓದಲು ಸುಮಾರು 0.1 ಮಿಲಿಸೆಕೆಂಡ್. ಸರಾಸರಿ ತೆಗೆಯಲು ನೂರು ಸಲ ಓದುತ್ತ ಕೂತರೆ ಹತ್ತು ಮಿಲಿಸೆಕೆಂಡ್ ಹೋಯಿತು. ನಾಲ್ಕೈದು ಓದು ಸತತವಾಗಿ ಮಿತಿ ದಾಟಿದರೆ ಕಡಿಯಿರಿ. ಶೀಲ್ಡಿನ ಹಿಂಬದಿಯ ವಿನ್ ಸಂಪರ್ಕ ಕತ್ತರಿಸದೆ 15 ವೋಲ್ಟ್ ಕೊಟ್ಟರೆ ಅದು ಆರ್ಡುಯಿನೋದ ರೆಗ್ಯುಲೇಟರಿಗೂ ಹೋಗುತ್ತದೆ. ಲ್ಯಾಪ್‌ಟಾಪ್ ಜೋಡಿಸಿ ಪರೀಕ್ಷಿಸುವಾಗ ಚಾರ್ಜರ್ ಕಿತ್ತಿಡಿ. ಹಳಿಯಿಂದ ಅರ್ಥ್‌ವರೆಗೆ ದಾರಿ ಸಿಕ್ಕರೆ ಹೋಗುವುದು ಯುಎಸ್‌ಬಿ ಪೋರ್ಟ್.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆ: "ಸರ್, ಎಲ್ಲ ಸರಿ ಇತ್ತು, ಇದ್ದಕ್ಕಿದ್ದಂತೆ ಶಾರ್ಟ್. ಎಲ್ಲಿಂದ ಹುಡುಕಬೇಕು?"

ಮೊದಲು ಹಳಿಯ ಮೇಲಿನದೆಲ್ಲ ತೆಗೆಯಿರಿ. ಹತ್ತರಲ್ಲಿ ಎಂಟು ಸಲ ಅಲ್ಲಿಗೇ ಬಿಡುತ್ತದೆ, ಆಮೇಲೆ ಒಂದೊಂದೇ ಇಡುತ್ತ ಬಂದರೆ ತಪ್ಪಿತಸ್ಥ ಸಿಗುತ್ತದೆ. ಹಳಿಯ ಮೇಲೆ ಮರೆತ ಸ್ಕ್ರೂಡ್ರೈವರ್, ಟ್ವೀಜರ್, ಕತ್ತರಿಸಿದ ವೈರಿನ ಚೂರು ನೋಡಿ. ಆದರೂ ಶಾರ್ಟ್ ಉಳಿದರೆ ವಿದ್ಯುತ್ ಆರಿಸಿ, ಬೂಸ್ಟರಿನಿಂದ ಬಸ್‌ವೈರ್ ಬಿಚ್ಚಿ, ಮೀಟರನ್ನು ಓಮಿಗಿಟ್ಟು ಎರಡು ವೈರಿನ ನಡುವೆ ಹಿಡಿಸಿ. ಈಗ ಅರ್ಧ ಸೆಕ್ಷನ್‌ಗಳನ್ನು ಬಿಚ್ಚಿ. ಶಾರ್ಟ್ ಹೋಯಿತೇ? ಹಾಗಿದ್ದರೆ ಬಿಚ್ಚಿದ ಅರ್ಧದಲ್ಲಿದೆ. ಹೋಗದಿದ್ದರೆ ಉಳಿದ ಅರ್ಧದಲ್ಲಿ. ಹೀಗೆ ಅರ್ಧ, ಅದರಲ್ಲಿ ಅರ್ಧ ಅಂತ ಇಳಿದರೆ ಹದಿನಾರು ಸೆಕ್ಷನ್ನಿದ್ದರೂ ನಾಲ್ಕೇ ಸಲಕ್ಕೆ ಒಂದಕ್ಕೆ ಬಂದು ನಿಲ್ಲುತ್ತೀರಿ. ಇದಕ್ಕಾಗಿಯೇ ಪ್ರತಿ ಸೆಕ್ಷನ್ನಿನ ವೈರನ್ನು ಬಸ್ಸಿಗೆ ಸ್ಕ್ರೂ ಟರ್ಮಿನಲ್ಲಿನಲ್ಲಿ ಕೂಡಿಸಿ, ಮೇಲೆ ಹೆಸರಿನ ಚೀಟಿ ಅಂಟಿಸಿಡಿ. ಬೆಸುಗೆ ಹಾಕಿಬಿಟ್ಟಿದ್ದರೆ ಲೇಔಟಿನ ಅಡಿ ಅಂಗಾತ ಮಲಗಿ ಒಂದೊಂದೇ ಕತ್ತರಿಸಬೇಕಾಗುತ್ತದೆ.